ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೂಸ್‌ನಲ್ಲಿ ಮೇಲ್ದರ್ಜೆಯ ಕ್ಯಾಬಿನ್‌ಗೆ ಹೆಚ್ಚು ಹಣ ಕೊಡಬೇಕೆ?

ಹಡಗಿನ ಪ್ರವಾಸದ ಬಗ್ಗೆ ಬೆಂಗಳೂರಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ಗೊಂದಲದವು: ಟಿಕೆಟ್ ಆಗಿದೆ, ಈಗ ‘ಅಪ್‌ಗ್ರೇಡ್ ಮಾಡಿಸಿಕೊಳ್ಳಿ’ ಎಂಬ ಕರೆಯೋ ಇಮೇಲೋ ಬಂದಿದೆ, ಒಪ್ಪಬೇಕೋ ಬೇಡವೋ? ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮದುವೆಯಾಗಿ ಮೂವತ್ತು ವರ್ಷ ತುಂಬುತ್ತದೆಂದು ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಪೆನಾಂಗ್, ಫುಕೆಟ್‌ಗಳಲ್ಲಿ ಇಳಿಯುವುದಿದೆ. ಬಾಲ್ಕನಿ ಕ್ಯಾಬಿನ್ ಸಿಕ್ಕಿದೆ. ಇಬ್ಬರಿಗೂ ಸೇರಿ ಇನ್ನು 72,000 ರೂಪಾಯಿ ಕೊಟ್ಟರೆ ಬಟ್ಲರ್ (ಕೋಣೆಗೆ ಮೀಸಲಾದ ಪರಿಚಾರಕ) ಸೇವೆಯಿರುವ ಸೂಟ್ ಕೊಡಿಸುತ್ತೇವೆ ಅನ್ನುತ್ತಾರೆ ಟ್ರಾವೆಲ್ಸ್‌ನವರು. ನಾವು ಸಸ್ಯಾಹಾರಿಗಳು, ಮದ್ಯ ಮುಟ್ಟುವುದಿಲ್ಲ. ಕೊಡಬಹುದೆ?
– ದಂಪತಿ, ಬಸವನಗುಡಿ

ಉತ್ತರ: ಒಟ್ಟು ಮೊತ್ತ ನೋಡಿದರೆ ತೀರ್ಮಾನ ಆಗುವುದಿಲ್ಲ. ತಲೆಗೆ, ರಾತ್ರಿಗೆ ಎಷ್ಟು ಎಂದು ಲೆಕ್ಕ ಹಾಕಿ. 72,000ವನ್ನು ಇಬ್ಬರಿಂದ, ನಾಲ್ಕು ರಾತ್ರಿಯಿಂದ ಭಾಗಿಸಿದರೆ ತಲೆಗೆ ರಾತ್ರಿಗೆ 9,000. ಆ ಒಂಬತ್ತು ಸಾವಿರಕ್ಕೆ ಏನೇನು ಬರುತ್ತದೆಂದು ಟ್ರಾವೆಲ್ಸ್‌ನವರಿಂದ ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ‘ಎಲ್ಲಾ ಸೇರಿದೆ ಮೇಡಂ’ ಸಾಲದು.

ಸಾಮಾನ್ಯವಾಗಿ ಸೂಟ್ ಜೊತೆ ಬರುವುದು ಇಷ್ಟು: ದೊಡ್ಡ ಕೋಣೆ, ಹತ್ತುವಾಗ ಇಳಿಯುವಾಗ ಬೇರೆ ಸಾಲು, ಸೂಟ್‌ನವರಿಗೇ ಮೀಸಲಾದ ಲಾಂಜ್, ಕೆಲವು ಹಡಗುಗಳಲ್ಲಿ ಪ್ರತ್ಯೇಕ ರೆಸ್ಟೋರೆಂಟ್, ವೈಫೈ, ಪಾನೀಯಗಳು, ಬಟ್ಲರ್. ಇದರಲ್ಲಿ ನೀವು ಹೇಗಿದ್ದರೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು ಯಾವುದು? ಅದರ ಬೆಲೆಯನ್ನಷ್ಟೇ ಕಳೆಯಿರಿ. ಮದ್ಯ ಮುಟ್ಟದವರಿಗೆ ಪಾನೀಯದ ಪ್ಯಾಕೇಜ್‌ನ ಬೆಲೆ ಸೊನ್ನೆ. ವೈಫೈ ಮಾತ್ರ ಹಡಗಿನಲ್ಲಿ ದುಬಾರಿ, ದಿನಕ್ಕೆ ಸುಮಾರು 20 ಡಾಲರ್ ಆಗುವುದುಂಟು. ಅದು ಉಚಿತವಾದರೆ ನಿಜವಾದ ಉಳಿತಾಯ. ಟಿಪ್ಸ್ ಬಗ್ಗೆ ಮರೆಯದೆ ಕೇಳಿ. ಹಡಗಿನವರು ಪ್ರತಿದಿನ ತಲೆಗೆ ಇಷ್ಟೆಂದು ಬಿಲ್ಲಿಗೆ ಸೇರಿಸುವ ಸೇವಾಶುಲ್ಕ ಸೂಟ್‌ಗೆ ಕಡಿಮೆಯಾಗುವುದಿಲ್ಲ, ಎಷ್ಟೋ ಕಂಪನಿಗಳಲ್ಲಿ ಹೆಚ್ಚೇ ಆಗುತ್ತದೆ. ಮೇಲೆ ಬಟ್ಲರ್ ಕೈಗೂ ಏನಾದರೂ ಕೊಡುವುದು ರೂಢಿ.

ಇನ್ನು ಊಟ. ಸೂಟ್‌ನವರ ಪ್ರತ್ಯೇಕ ರೆಸ್ಟೋರೆಂಟ್‌ನ ಅಡುಗೆಮನೆ ಚಿಕ್ಕದು, ಮೆನು ಚಿಕ್ಕದು, ಅದರಲ್ಲಿ ಮೀನು ಮಾಂಸದ್ದೇ ದೊಡ್ಡ ಪಾಲು. ದಾಲ್, ಅನ್ನ, ರೋಟಿ, ಪಲ್ಯ ಸಿಗುವುದು ಸಾಮಾನ್ಯವಾಗಿ ಮುಖ್ಯ ಊಟದ ಹಾಲ್‌ನಲ್ಲಿ ಮತ್ತು ಬಫೆಯಲ್ಲಿ. ಮುಖ್ಯ ಹಾಲ್‌ನಲ್ಲಿ ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ‘ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ’ ಎಂದು ಹೇಳಿಟ್ಟರೆ ಮರುದಿನದಿಂದ ನಿಮಗಾಗಿ ಮಾಡಿಸಿಕೊಡುತ್ತಾರೆ. ಹಾಗಾಗಿ ಪ್ರತ್ಯೇಕ ರೆಸ್ಟೋರೆಂಟ್‌ಗೆ ನೀವು ಕೊಡುವ ಹಣ ಬಹುಪಾಲು ವ್ಯರ್ಥ.

ಉಳಿದದ್ದು ಜಾಗ ಮತ್ತು ನೆಮ್ಮದಿ. ಅದನ್ನು ಅನುಭವಿಸಲು ಸಮಯವೆಷ್ಟಿದೆ? ಮೊದಲ ದಿನ ಮಧ್ಯಾಹ್ನ ಒಂದಕ್ಕೆ ಕ್ಯಾಬಿನ್ ಸಿಕ್ಕಿ, ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಖಾಲಿ ಮಾಡಿದರೆ 91 ಗಂಟೆ. ನಿದ್ದೆಗೆ 32, ಎರಡು ಊರು ಸುತ್ತಲು 16. ಮಿಕ್ಕ 43ರಲ್ಲಿ ಊಟ, ಶೋ, ಡೆಕ್ ಮೇಲಿನ ಓಡಾಟ ಕಳೆದರೆ ಎಚ್ಚರದಲ್ಲಿ ಕ್ಯಾಬಿನ್‌ನಲ್ಲಿ ಕೂರುವುದು ಇಪ್ಪತ್ತು ಗಂಟೆ ಇದ್ದರೆ ಹೆಚ್ಚು. ಅದಕ್ಕೆ 72,000 ಜಾಸ್ತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಬಾಲ್ಕನಿಯನ್ನೇ ಇಟ್ಟುಕೊಂಡು ಹಡಗಿನ ನಡುಭಾಗದಲ್ಲಿ, ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಡೆಕ್‌ನಲ್ಲಿ ನಂಬರ್ ಬದಲಾಯಿಸಿಕೊಳ್ಳಿ. ಇದಕ್ಕೆ ಹೆಚ್ಚುವರಿ ಖರ್ಚಾದರೂ ಅದು ಸೂಟ್‌ಗೆ ಕೇಳಿದ ಮೊತ್ತದ ಸಣ್ಣ ಪಾಲಷ್ಟೆ.

ಇದೇ ಪ್ರಶ್ನೆಯನ್ನು ಏಳು ರಾತ್ರಿಯ, ಮೂರು ದಿನ ಪೂರ್ತಿ ಸಮುದ್ರದಲ್ಲೇ ಕಳೆಯುವ ಪ್ರವಾಸಕ್ಕೆ ಕೇಳಿದ್ದರೆ ಉತ್ತರ ಬೇರೆಯಿರುತ್ತಿತ್ತು. ಎಂಎಸ್‌ಸಿಯ ಯಾಟ್ ಕ್ಲಬ್, ನಾರ್ವೀಜಿಯನ್‌ನ ದಿ ಹೇವನ್, ಸೆಲೆಬ್ರಿಟಿಯ ದಿ ರಿಟ್ರೀಟ್ ಎಂಬ, ಆಯಾ ಕ್ರೂಸ್ ಕಂಪನಿಗಳ ಸೂಟ್ ವಿಭಾಗಗಳೆಲ್ಲ ಹಡಗಿನೊಳಗೇ ಇನ್ನೊಂದು ಚಿಕ್ಕ ಹಡಗು. ಅವರದೇ ಲಾಂಜ್, ಬಿಸಿಲಿಗೆ ಮೈಯೊಡ್ಡಲು ಅವರದೇ ಡೆಕ್. ಸಾವಿರಾರು ಜನ ಈಜುಕೊಳದ ಸುತ್ತ ಕುರ್ಚಿಗಾಗಿ ಪರದಾಡುವ ದಿನ ಆ ಏಕಾಂತಕ್ಕೆ ಬೆಲೆಯಿದೆ. ದಿನಾ ಒಂದೊಂದು ಊರಿನಲ್ಲಿ ಇಳಿದು ಸುತ್ತುವವರಿಗೆ ಅದು ಬೀಗ ಹಾಕಿಟ್ಟ ಕೋಣೆ ಅಷ್ಟೆ.

ಪ್ರಶ್ನೆ: ಅಪ್ಪನಿಗೆ 74, ಅಮ್ಮನಿಗೆ 70. ಅಮ್ಮನಿಗೆ ಮಂಡಿನೋವು. ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಕಿಟಕಿಯಿಲ್ಲದ ಕ್ಯಾಬಿನ್ ಬುಕ್ ಮಾಡಿದ್ದೆ. ಮಿನಿ ಸೂಟ್‌ಗೆ ಬದಲಾಯಿಸಿದರೆ ಅವರಿಗೆ ಅನುಕೂಲವೆ?
– ರಾಜಾಜಿನಗರ

ಉತ್ತರ: ಬದಲಾಯಿಸಿ, ಆದರೆ ದರ್ಜೆಯ ಹೆಸರು ನೋಡಿ ಬೇಡ. ಹಣ ಕಟ್ಟುವ ಮೊದಲು ಈ ವಿಷಯಗಳನ್ನು ಖಚಿತ ಮಾಡಿಕೊಳ್ಳಿ.

ಮೊದಲನೆಯದು ಬಚ್ಚಲು. ಹಡಗಿನ ಬಚ್ಚಲಿನ ಬಾಗಿಲಿಗೆ ನೀರು ಹೊರಗೆ ಹರಿಯದಂತೆ ಎತ್ತರದ ಹೊಸ್ತಿಲು ಇರುತ್ತದೆ. ಮಂಡಿನೋವಿನವರು ರಾತ್ರಿ ನಿದ್ದೆಗಣ್ಣಿನಲ್ಲಿ ಎಡವುವುದು ಅಲ್ಲೇ. ಮೇಲ್ದರ್ಜೆಯ ಕೋಣೆಗಳಲ್ಲಿ ಇನ್ನೊಂದು ತೊಂದರೆ: ಶವರ್ ಬದಲು ಟಬ್ ಇರುವುದುಂಟು, ಸ್ನಾನಕ್ಕೆ ಕಾಲೆತ್ತಿ ದಾಟಬೇಕು. ಹೆಚ್ಚು ಹಣ ಕೊಟ್ಟು ಅಮ್ಮನಿಗೆ ಕಷ್ಟ ತಂದುಕೊಟ್ಟ ಹಾಗಾಗುತ್ತದೆ. ‘ಟಬ್ ಇಲ್ಲದ, ನಡೆದು ಒಳಗೆ ಹೋಗುವ ಶವರ್ ಇದೆಯೆ, ಹಿಡಿಕೆ ಇದೆಯೆ’ ಎಂದೇ ಕೇಳಿ. ಗಾಲಿಕುರ್ಚಿ ಬಳಸುವವರಾದರೆ ಸೂಟ್ ಕೂಡ ಸಾಲದು. ಅಗಲ ಬಾಗಿಲು, ಹೊಸ್ತಿಲಿಲ್ಲದ ಬಚ್ಚಲು ಇರುವ ವಿಶೇಷ ಕ್ಯಾಬಿನ್‌ಗಳು ಬೇರೆಯೇ ಇರುತ್ತವೆ, ಸಂಖ್ಯೆ ತೀರಾ ಕಡಿಮೆ. ತಿಂಗಳುಗಟ್ಟಲೆ ಮೊದಲೇ ಕೇಳಬೇಕು.

ಎರಡನೆಯದು ಹಾಸಿಗೆ. ಇಬ್ಬರಿಗೂ ನೆಲಮಟ್ಟದ ಹಾಸಿಗೆಯೇ ಸಿಗಬೇಕು. ಗೋಡೆಯಿಂದ ಮಡಿಚಿ ಇಳಿಸುವ ಮೇಲಿನ ಬರ್ತ್‌ಗೆ ಏಣಿ ಹತ್ತಬೇಕು, ವಯಸ್ಸಾದವರಿಗೆ ಅದು ಬೇಡವೇ ಬೇಡ.

ಮೂರನೆಯದು ಲಿಫ್ಟ್. ದೊಡ್ಡ ಹಡಗಿನ ಮುಂಭಾಗದಲ್ಲಿ ಕ್ಯಾಬಿನ್ ಸಿಕ್ಕಿ ಊಟದ ಹಾಲ್ ಹಿಂಭಾಗದಲ್ಲಿದ್ದರೆ ದಿನಕ್ಕೆ ಮೂರು ಹೊತ್ತು ಉದ್ದನೆಯ ಕಾರಿಡಾರ್ ನಡೆಯಬೇಕು. ನಡುಭಾಗದ ಲಿಫ್ಟ್‌ಗೆ ಐದಾರು ಬಾಗಿಲು ದೂರದ ಕೋಣೆ ಒಳ್ಳೆಯದು. ತೀರಾ ಪಕ್ಕದಲ್ಲೂ ಬೇಡ, ಜನರ ಮಾತು ನಡುರಾತ್ರಿಯವರೆಗೆ ನಿಲ್ಲುವುದಿಲ್ಲ.

ಇನ್ನೊಂದು ಮಾತು, ಇದು ಕ್ಯಾಬಿನ್‌ಗಿಂತ ಮುಖ್ಯ. ಅಗತ್ತಿಯಂಥ ದ್ವೀಪದಲ್ಲಿ ಹವಳದ ದಿಬ್ಬಗಳಿಂದಾಗಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲಿ ನಿಲ್ಲಿಸಿ ಸಣ್ಣ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ಹಡಗಿನ ಬಾಗಿಲಿನಿಂದ ದೋಣಿಗೆ ಕಾಲಿಡುವಾಗ ದೋಣಿ ಅಲೆಗೆ ಒಂದೆರಡು ಅಡಿ ಏರಿಳಿಯುತ್ತಿರುತ್ತದೆ. ಸಿಬ್ಬಂದಿ ಎರಡೂ ಕೈ ಹಿಡಿದು ಇಳಿಸುತ್ತಾರೆ, ಆದರೂ ಆ ಒಂದು ಹೆಜ್ಜೆಯನ್ನು ಅಮ್ಮನೇ ಇಡಬೇಕು. ಮೇಲ್ದರ್ಜೆಯವರಿಗೆ ದೋಣಿಯಲ್ಲಿ ಆದ್ಯತೆ ಸಿಕ್ಕರೆ ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ, ಆ ಹೆಜ್ಜೆ ಇಡುವ ಕಷ್ಟ ತಪ್ಪುವುದಿಲ್ಲ. ಅಮ್ಮನಿಗೆ ಅದು ಆಗದೆಂದಾದರೆ ಆ ದಿನ ಅವರು ಹಡಗಿನಲ್ಲೇ ಉಳಿಯುತ್ತಾರೆ. ಆಗ ಕಿಟಕಿ, ಬಾಲ್ಕನಿ ಇರುವ ಕೋಣೆಗೆ ಕೊಟ್ಟ ಹಣ ಸಾರ್ಥಕ. ನಿಮ್ಮ ಮನೆಯ ಮಟ್ಟಿಗೆ ಅಪ್‌ಗ್ರೇಡ್ ಮಾಡಿಸಲು ಇದೇ ಬಲವಾದ ಕಾರಣ.

ಪ್ರಶ್ನೆ: ರಾಯಲ್ ಕೆರಿಬಿಯನ್ ಕ್ರೂಸ್ ಕಂಪನಿಯಿಂದ ‘ರಾಯಲ್ ಅಪ್’ ಎಂಬ ಇಮೇಲ್ ಬಂದಿದೆ. ಮೇಲ್ದರ್ಜೆಯ ಕ್ಯಾಬಿನ್‌ಗೆ ಎಷ್ಟು ಕೊಡುತ್ತೀರೆಂದು ನಾವೇ ಹೇಳಬೇಕಂತೆ. ಪಕ್ಕದ ಕ್ಯಾಬಿನ್‌ನಲ್ಲಿ ಅತ್ತೆ ಮಾವ ಇದ್ದಾರೆ. ಬಿಡ್ ಹಾಕಬಹುದೆ?
– ಎಚ್‌ಎಸ್‌ಆರ್ ಲೇಔಟ್

ಉತ್ತರ: ಪಕ್ಕಪಕ್ಕದಲ್ಲೇ ಇರಬೇಕೆಂದಿದ್ದರೆ ಹಾಕಬೇಡಿ. ಬಿಡ್ ಗೆದ್ದರೆ ಸಿಗುವುದು ದರ್ಜೆ ಮಾತ್ರ, ಕ್ಯಾಬಿನ್ ನಂಬರ್ ಆರಿಸುವವರು ಹಡಗಿನವರು. ನೀವು ಹನ್ನೊಂದನೆಯ ಡೆಕ್‌ನ ಹಿಂದುಗಡೆ, ಅತ್ತೆ ಮಾವ ಏಳನೆಯ ಡೆಕ್‌ನ ಮುಂದುಗಡೆ ಉಳಿಯಬಹುದು. ನೀವೇ ನೋಡಿ ಆರಿಸಿದ ಒಳ್ಳೆಯ ಜಾಗದ ಬಾಲ್ಕನಿ ಹೋಗಿ ಡಿಸ್ಕೊ ಮೇಲಿನ ಸೂಟ್ ಬರುವುದೂ ಉಂಟು.

ಹಾಕುವುದೇ ಆದರೆ ಗಮನಿಸಿ: ಪರದೆ ಮೇಲೆ ಕಾಣುವ ಮೊತ್ತ ತಲೆಗೆ, ಇಡೀ ಪ್ರವಾಸಕ್ಕೆ. ಇಬ್ಬರ ಲೆಕ್ಕದಲ್ಲಿ ದುಪ್ಪಟ್ಟು ಕಟ್ಟಬೇಕು, ಒಬ್ಬರೇ ಹೋಗುತ್ತಿದ್ದರೂ ಅಷ್ಟೆ. ಒಪ್ಪಿಗೆ ಬರುವ ತನಕ ಮೊತ್ತ ಬದಲಿಸಬಹುದು, ಹಿಂತೆಗೆಯಬಹುದು. ಒಪ್ಪಿಗೆಯಾದ ಕೂಡಲೇ ಕಾರ್ಡ್‌ನಿಂದ ಹಣ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬಿಡ್ ಮಾಡುವ ದಿನವೇ ಅದೇ ಹಡಗಿನ, ಅದೇ ತಾರೀಖಿನ ಮೇಲ್ದರ್ಜೆಯ ಈಗಿನ ದರವನ್ನು ವೆಬ್‌ಸೈಟ್‌ನಲ್ಲಿ ನೋಡಿ. ಹೊಸದಾಗಿ ಕೊಳ್ಳುವವರ ದರಕ್ಕೂ ನೀವು ಕೊಟ್ಟ ದರಕ್ಕೂ ಇರುವ ವ್ಯತ್ಯಾಸಕ್ಕಿಂತ ಬಿಡ್ ಹೆಚ್ಚಾಗುವಂತಿದ್ದರೆ ಅರ್ಥವಿಲ್ಲ. ಕನಿಷ್ಠ ಮೊತ್ತಕ್ಕಿಂತ ಸ್ವಲ್ಪ ಮೇಲೆ ಹಾಕಿ ಬಿಟ್ಟುಬಿಡಿ. ಆಸೆಗೆ ಏರಿಸುತ್ತಾ ಹೋಗಬೇಡಿ.

ಗೆದ್ದರೆ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಮೊದಲೇ ಪ್ರಿಂಟ್ ತೆಗೆದ ಲಗೇಜ್ ಟ್ಯಾಗ್‌ನಲ್ಲಿ ಹಳೆಯ ಕ್ಯಾಬಿನ್ ನಂಬರ್ ಇರುತ್ತದೆ. ಹೊಸದನ್ನು ಪ್ರಿಂಟ್ ಮಾಡಿ ಅಂಟಿಸದಿದ್ದರೆ ಸೂಟ್‌ಕೇಸ್ ಯಾರದೋ ಬಾಗಿಲ ಮುಂದೆ ನಿಂತಿರುತ್ತದೆ. ಅಪಾಯದ ಸಂದರ್ಭದಲ್ಲಿ ಸೇರಬೇಕಾದ ಜಾಗವೂ ಬದಲಾಗಿರಬಹುದು, ಹೊಸ ಕ್ಯಾಬಿನ್‌ನ ಕೀ ಕಾರ್ಡ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನಾವಿಬ್ಬರು, ಹತ್ತು ಮತ್ತು ಹದಿನಾಲ್ಕು ವರ್ಷದ ಮಕ್ಕಳು. ನಾಲ್ವರಿಗೂ ಒಂದು ಸೂಟ್ ಒಳ್ಳೆಯದೋ, ಎರಡು ಸಾಧಾರಣ ಕ್ಯಾಬಿನ್ ಒಳ್ಳೆಯದೋ?
– ಯಲಹಂಕ

ಉತ್ತರ: ಎರಡು ಕ್ಯಾಬಿನ್. ಕಾರಣ ಒಂದೇ, ಎರಡು ಬಚ್ಚಲು. ಬೆಳಿಗ್ಗೆ ಎಂಟಕ್ಕೆ ಊರು ನೋಡಲು ಇಳಿಯಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಒಳಗಿನ, ಕಿಟಕಿಯಿಲ್ಲದ ಕ್ಯಾಬಿನ್ ಸುಮಾರು 150 ಚದರ ಅಡಿ ಇರುತ್ತದೆ, ಇಬ್ಬರಿಗೆ ಸಾಕು, ನಾಲ್ವರಿಗೆ ಉಸಿರುಕಟ್ಟುತ್ತದೆ. ದರ ಹೋಲಿಸುವಾಗ ಒಟ್ಟು ಮೊತ್ತವನ್ನೇ ಹೋಲಿಸಿ: ಒಂದೇ ಕೋಣೆಯಾದರೆ ಮೂರನೆಯ, ನಾಲ್ಕನೆಯವರಿಗೆ ರಿಯಾಯಿತಿ ಇರುತ್ತದೆ, ಎರಡು ಕೋಣೆಯಾದರೆ ನಾಲ್ವರಿಗೂ ಪೂರ್ತಿ ದರ. ಕಾಗದದ ಮೇಲೆ ಪ್ರತಿ ಕ್ಯಾಬಿನ್‌ಗೆ ಒಬ್ಬ ದೊಡ್ಡವರಿರಬೇಕು ಅನ್ನುವುದು ಸಾಮಾನ್ಯ ನಿಯಮ. ಹತ್ತಿದ ಮೇಲೆ ಮಲಗುವ ಕೋಣೆ ಅದಲುಬದಲು ಮಾಡಿಕೊಳ್ಳಬೇಕೆಂದರೆ ಗೆಸ್ಟ್ ಸರ್ವಿಸಸ್ ಕೌಂಟರ್‌ನಲ್ಲಿ ಇನ್ನೊಂದು ಕ್ಯಾಬಿನ್‌ನ ಕೀ ಕಾರ್ಡ್ ಕೇಳಿ ಪಡೆಯಿರಿ. ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಸಿಕ್ಕರೆ ನಿಮಗೆ ಅನುಕೂಲ. ಬೇರೆಯವರ ಜೊತೆ ಅಂಥ ಬಾಗಿಲು ಹಂಚಿಕೊಳ್ಳಬೇಡಿ, ಆ ಕಡೆಯ ಟಿವಿ ಈ ಕಡೆ ಕೇಳುತ್ತದೆ.

ಪ್ರಶ್ನೆ: ನನಗೆ ಘಾಟಿಯಲ್ಲಿ ಬಸ್ ಹತ್ತಿದರೂ ವಾಂತಿ. ಮೇಲಿನ ಡೆಕ್‌ನ ದುಬಾರಿ ಕೋಣೆಯಲ್ಲಿ ಓಲಾಟ ಕಡಿಮೆಯೆ?
– ವಿಜಯನಗರ

ಉತ್ತರ: ಹೆಚ್ಚು. ಹಡಗು ಓಲಾಡುವಾಗ ಕೆಳಗಿನ, ನಡುಭಾಗದ ಕ್ಯಾಬಿನ್ ಅಲುಗಾಡುವುದು ಕಡಿಮೆ. ಮೇಲಕ್ಕೆ ಮತ್ತು ತುದಿಗಳಿಗೆ ಹೋದಷ್ಟೂ ಜಾಸ್ತಿ. ಕೆಳಗಿನ ಡೆಕ್‌ನ ನಡುವೆ, ಕಿಟಕಿಯಿರುವ ಕ್ಯಾಬಿನ್ ತೆಗೆದುಕೊಳ್ಳಿ. ದಿಗಂತ ಕಾಣುತ್ತಿದ್ದರೆ ತಲೆಸುತ್ತು ತಗ್ಗುತ್ತದೆ. ಅರಬ್ಬೀ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬೇಡಿ. ಮಾತ್ರೆಯನ್ನು ವೈದ್ಯರನ್ನು ಕೇಳಿ, ವಾಂತಿ ಶುರುವಾದ ಮೇಲಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ.

ಪ್ರಶ್ನೆ: ಬಾಲ್ಕನಿಗಾದರೂ ಹಣ ಹಾಕಬಹುದೆ?
– ಮಲ್ಲೇಶ್ವರಂ

ಉತ್ತರ: ಹಡಗು ಎಲ್ಲಿ ಓಡುತ್ತದೆ ಎಂಬುದರ ಮೇಲಿದೆ. ಅಲಾಸ್ಕಾದ ಗ್ಲೇಸಿಯರ್ ಬೇಯಲ್ಲಿ, ನಾರ್ವೆಯ ಕಡಿದಾದ ಕಣಿವೆಗಳ ನಡುವೆ ಹಡಗು ನಿಧಾನಕ್ಕೆ ಸಾಗುವಾಗ ಬಾಲ್ಕನಿಗೆ ಕೊಟ್ಟ ಒಂದೊಂದು ರೂಪಾಯಿಯೂ ಸಲ್ಲುತ್ತದೆ. ಮುಂಬೈ–ಗೋವಾದ ಎರಡು ರಾತ್ರಿಗೆ ಬೇಡ. ಹೆಚ್ಚಿನ ದಾರಿ ಕತ್ತಲಲ್ಲಿ ಮುಗಿಯುತ್ತದೆ, ಹಗಲಲ್ಲಿ ಬಾಗಿಲು ತೆರೆದಿಟ್ಟರೆ ಸೆಕೆ ಒಳಗೆ ನುಗ್ಗಿ ಎಸಿ ಸೋಲುತ್ತದೆ, ಕೆಲವು ಹಡಗುಗಳಲ್ಲಿ ಎಸಿ ತಾನಾಗಿಯೇ ನಿಲ್ಲುತ್ತದೆ. ಎಲ್ಲಿಗೇ ಆಗಲಿ, ಡೆಕ್ ನಕ್ಷೆಯಲ್ಲಿ ನಿಮ್ಮ ನಂಬರ್‌ನ ಮುಂದೆ ಜೀವರಕ್ಷಕ ದೋಣಿ ತೂಗುಹಾಕಿದೆಯೇ ನೋಡಿ. ನೇರ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಶುರು. ಮುಂತುದಿಯ ಕೆಳಡೆಕ್‌ನಲ್ಲಿ ಲಂಗರಿನ ಸರಪಳಿ ಇಳಿಸುವ ಸದ್ದು ಕೇಳುತ್ತದೆ, ಹಿಂತುದಿಯಲ್ಲಿ ಎಂಜಿನ್ನಿನ ನಡುಕ. ನಂಬರನ್ನು ಹಡಗಿನವರೇ ಕೊಡುವ, ‘ಗ್ಯಾರಂಟಿ ಕ್ಯಾಬಿನ್’ ಎಂದು ಅಗ್ಗಕ್ಕೆ ಮಾರುವುದರಲ್ಲಿ ಇಂಥ ನಂಬರ್‌ಗಳೇ ಗಂಟುಬೀಳುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಅಪ್‌ಗ್ರೇಡ್ ಹಣವನ್ನು ಇಲ್ಲೇ ಕಟ್ಟುವುದೋ, ಹಡಗು ಹತ್ತುವಾಗ ಕಟ್ಟುವುದೋ?
– ಬನಶಂಕರಿ

ಉತ್ತರ: ಹತ್ತುವ ದಿನ ಕೌಂಟರ್‌ನಲ್ಲಿ ಖಾಲಿ ಕೋಣೆಗಳನ್ನು ಕಡಿಮೆಗೆ ಕೊಡುವುದುಂಟು, ಕೇಳಲು ಅಡ್ಡಿಯಿಲ್ಲ. ಆದರೆ ಶಾಲೆಗೆ ರಜೆಯಿರುವಾಗ, ದಸರಾ, ದೀಪಾವಳಿ, ಡಿಸೆಂಬರ್‌ನಲ್ಲಿ ಖಾಲಿ ಉಳಿಯುವುದೇ ಅಪರೂಪ. ಅಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ, ಡಾಲರೋ’ ಎಂದು ಕೇಳಿದರೆ ಡಾಲರ್ ಆರಿಸಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರದು, ಬಹಳಷ್ಟು ಸಲ ದುಬಾರಿ. ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ. ಇಲ್ಲೇ ಟ್ರಾವೆಲ್ಸ್ ಮೂಲಕ ವಿದೇಶ ಪ್ಯಾಕೇಜ್ ಜೊತೆ ಕಟ್ಟಿದರೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ಯಾರ ಪ್ಯಾನ್ ಕೊಡುತ್ತೀರೋ ಅವರ ಹೆಸರಿಗೆ ಜಮೆಯಾಗುತ್ತದೆ. ಹಾಗಾಗಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರ ಪ್ಯಾನ್ ಕೊಡಿ, ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮೆಯ ವಿವರದಲ್ಲಿ ಬಂದಿದೆಯೇ ನೋಡಿಕೊಂಡು ರಿಟರ್ನ್‌ನಲ್ಲಿ ತೆರಿಗೆಗೆ ವಜಾ ಹಾಕಿಸಿಕೊಳ್ಳಿ ಅಥವಾ ವಾಪಸ್ ಪಡೆಯಿರಿ.