ಅಜ್ಜಿ ಖಾತೆಯ ಮೂರು ಗ್ರಾಂ ಬಾಕಿ

ವ್ಯಾಪಾರವನ್ನೂ ಸಂಸಾರವನ್ನೂ ಒಂದೇ ನಿಷ್ಠೆಯಿಂದ ಕೊನೆತನಕ ನಡೆಸಿದ ಯಾರನ್ನಾದರೂ ಹತ್ತಿರದಿಂದ ನೋಡಿದ್ದೀರಾ, ಅವರಿಗೆ ಅದು ಹೇಗೆ ಸಾಧ್ಯವಾಯಿತು ಅಂತ ಕೇಳಿದ್ದೀರಿ. ಅಂಗಡಿ ಹಾಕಿ ಎರಡು ವರ್ಷವಾಯಿತು, ಮಗಳು ಮಲಗಿದ ಮೇಲೇ ಮನೆ ಸೇರುತ್ತೇನೆ ಅಂತಲೂ ಬರೆದಿದ್ದೀರಿ. ನಮ್ಮ ತಾತನ ವಿಷಯ ಹೇಳುತ್ತೇನೆ. ನಿಮ್ಮ ತೊಂದರೆಗೆ ಇದು ಮದ್ದಾಗುತ್ತದೆ ಅಂತ ಮಾತ್ರ ಭರವಸೆ ಕೊಡಲಾರೆ. ಯಾಕೆಂದರೆ ತಾತನಿಗೆ ಅಂಗಡಿಯಿಂದ ಮನೆಗೆ ಇದ್ದದ್ದು ಹದಿನೆಂಟೇ ಹೆಜ್ಜೆ. ಮುಂದುಗಡೆ ಮಂಡಿ, ಅಂದರೆ ರೈತರ ಮಾಲನ್ನು ಖರೀದಿದಾರರಿಗೆ ಮಾರಿಸಿಕೊಡುವ ಅಂಗಡಿ; ನಡುವೆ ತೊಟ್ಟಿ, ಹಿಂದುಗಡೆ ಅಡುಗೆಮನೆ.

ಊರು ತಿಪಟೂರು. ಮಂಡಿ ಅಂದಮೇಲೆ ಕೊಬ್ಬರಿ ಮಂಡಿಯೇ. ತಾತ ಹುಟ್ಟಿದ್ದು 1931ರಲ್ಲಿ. ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಪಾಸು ಮಾಡಿ, 14ನೇ ವಯಸ್ಸಿಗೆ ಇನ್ನೊಬ್ಬರ ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದರು. 1958ರಲ್ಲಿ ಸ್ವಂತ ಮಂಡಿ ತೆರೆದರು. 2022ರಲ್ಲಿ, 91ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಈ ನಡುವೆ ಕಾಸಿನ ಲೆಕ್ಕ ಎಷ್ಟು ಸಲ ತಲೆಕೆಳಗಾಯಿತು ಅಂತ ಅವರೇ ಬೆರಳು ಮಡಚಿ ಹೇಳುತ್ತಿದ್ದರು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಮಾತ್ರ ಹತ್ತೊಂಬತ್ತು! ಒಂದೊಂದೇ ಆಣೆ ಕೊಟ್ಟವನಿಗೆ ಮೂರನೇ ಆಣೆಯಲ್ಲಿ ಒಂದು ಪೈಸೆ ನಷ್ಟ. ಸಂತೆಯಲ್ಲಿ ಇದಕ್ಕೇ ಕೈಕೈ ಮಿಲಾಯಿಸಿದವರಿದ್ದರಂತೆ. ಆಮೇಲೆ ಮಣ ಹೋಗಿ ಕ್ವಿಂಟಲ್ ಬಂತು. ದೆಹಲಿ ಕಡೆಯ ದರ ತರುತ್ತಿದ್ದ ಟೆಲಿಗ್ರಾಂ ಹೋಗಿ ಟ್ರಂಕ್ ಕಾಲ್ ಬಂತು, ಅದೂ ಹೋಗಿ ಮೊಬೈಲ್ ಬಂತು.

ಕೊಬ್ಬರಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆಯದು ಎಣ್ಣೆ ಗಾಣದ ಬಟ್ಟಲು ಕೊಬ್ಬರಿಯಲ್ಲ, ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ‘ಲೊಟ ಲೊಟ’ ಅಂದರೆ ಇನ್ನೂ ನೀರಿದೆ, ‘ಗಡ ಗಡ’ ಅಂದರೆ ಸುಲಿಯಬಹುದು. ಅವಸರ ಮಾಡಿದರೆ ಕೌಟು. ಹಾಗೆ ಬಂದ ಮಾಲು ಉತ್ತರದ ಮದುವೆ ಮನೆಗಳಿಗೆ, ದೀಪಾವಳಿಗೆ ಒಣಹಣ್ಣಿನ ಜೊತೆ ಹೋಗುತ್ತದೆ.

ನಮ್ಮಪ್ಪ ಎಸ್ಸೆಸ್ಸೆಲ್ಸಿ ಫೇಲಾದಾಗ ತಾತ ಹೊಡೆಯಲಿಲ್ಲ, ಬೈಯಲಿಲ್ಲ. ಒಂದು ಕಾಯಿ ತಂದು ಅವನ ಕಿವಿ ಹತ್ತಿರ ಅಲ್ಲಾಡಿಸಿ, "ಏನ್ ಕೇಳುಸ್ತೈತೆ?" ಅಂದರಂತೆ. "ನೀರೈತೆ" ಅಂದ ಅಪ್ಪ. "ಹಂಗಾದ್ರೆ ಇನ್ನೊಂದ್ ವರ್ಷ ಅಟ್ಟದ ಮೇಲಿರ್ಲಿ." ಆ ವರ್ಷವೆಲ್ಲ ಅಪ್ಪ ಬೆಳಿಗ್ಗೆ ಮಂಡಿಯಲ್ಲಿ ಚೀಲ ಎಣಿಸಿ, ಸಂಜೆ ಓದಿ, ಮುಂದಿನ ಸಲ ಪಾಸಾದ.

ರಾತ್ರಿ ಎಂಟೂವರೆಗೆ ಊಟ. ಮನೆಯವರಷ್ಟೂ ಒಂದೇ ಸಾಲಿನಲ್ಲಿ ಕೂರಬೇಕು. ಆ ಹೊತ್ತಿಗೆ ಎಂಥ ದೊಡ್ಡ ಖರೀದಿದಾರ ಬಂದರೂ ಎರಡೇ ದಾರಿ: ಬಂದು ಎಲೆ ಮುಂದೆ ಕೂರಬೇಕು, ಇಲ್ಲವೇ ಜಗಲಿಯಲ್ಲಿ ಕಾಯಬೇಕು. ಮಾರುಕಟ್ಟೆ ದಿನ ಕೊಬ್ಬರಿ ತಂದ ರೈತರಿಗೆಲ್ಲ ಮಧ್ಯಾಹ್ನದ ಊಟ ನಮ್ಮಲ್ಲೇ. ಮುದ್ದೆ, ಹುರುಳಿಕಾಳು ಸಾರು, ಇಪ್ಪತ್ತು-ಇಪ್ಪತ್ತೈದು ಜನ. ‘ಆ ಮಂಡೀಲಿ ಯಾರೂ ಹಸಿದು ಹೋಗಲ್ಲ’ ಅಂತ ಊರು ತಾತನನ್ನು ಕೊಂಡಾಡುತ್ತಿತ್ತು. ನಾಲ್ಕು ಗಂಟೆಗೆದ್ದು ಅಷ್ಟು ಮುದ್ದೆ ತಿರುವಿದ ಕೈ ಯಾರದು ಅಂತ ಹೊಗಳುವವರು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಈಗ ಮುಖ್ಯ ವಿಷಯ. 1973, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ವರ್ಷ. ಉತ್ತರದ ಒಬ್ಬ ಖರೀದಿದಾರ ಮೂರು ಲೋಡು ಮಾಲು ಎತ್ತಿಕೊಂಡು ದುಡ್ಡು ಕಳಿಸಲೇ ಇಲ್ಲ. ತಂತಿ ಕೊಟ್ಟರೆ ಉತ್ತರವಿಲ್ಲ. ತಾತ ರೈಲು ಹತ್ತಿ ಹೋಗಿ ನೋಡಿದರೆ ಅಂಗಡಿಗೆ ಬೀಗ. ಮಂಡಿ ವ್ಯಾಪಾರದ ಕಟ್ಟಲೆ ಏನೆಂದರೆ, ಖರೀದಿದಾರ ಕೊಟ್ಟರೂ ಬಿಟ್ಟರೂ ರೈತನಿಗೆ ಮಂಡಿಯವನು ಎಣಿಸಲೇಬೇಕು. ‘ಅವನು ಕೊಟ್ಟಾಗ ಕೊಡ್ತೀನಿ’ ಅಂತ ಕೈಚೆಲ್ಲುವವರೂ ಇದ್ದರು. ತಾತ ಒಂದು ಸೈಟು ಮಾರಿದರು, ಸಾಲಲಿಲ್ಲ. ಆಮೇಲೆ ಅಜ್ಜಿಯ ಮುಂದೆ ಬಂದು ನಿಂತರು. ಅಜ್ಜಿ ಹೇಳುವಂತೆ, ಬಾಯಿ ಬಿಟ್ಟು ಕೇಳಲೇ ಇಲ್ಲ, ಸುಮ್ಮನೆ ನಿಂತರು. ಅಜ್ಜಿ ಬಳೆ, ಸರ, ಡಾಬು ಎಲ್ಲ ಬಿಚ್ಚಿ ಟವೆಲ್ ಮೇಲಿಟ್ಟರು. ಒಟ್ಟು ಹದಿನಾಲ್ಕು ತೊಲ.

"ಅವ್ರು ಮರ್ಯಾದೆ ಉಳಿಸ್ಕೊಂಡ್ರು, ನಾನು ಬಳೆ ಕಳ್ಕೊಂಡೆ" ಅಂತ ಅಜ್ಜಿ ಇವತ್ತಿಗೂ ಹೇಳುತ್ತಾರೆ. ಅದರಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಅಂತ ಬಿಡಿಸುವುದು ಕಷ್ಟ.

ಅದೇ ರಾತ್ರಿ ತಾತ ಖಾತೆ ಪುಸ್ತಕದಲ್ಲಿ ಹೊಸ ಪುಟ ತೆರೆದರು. ಮೇಲೆ ‘ಶ್ರೀ’, ಅದರ ಕೆಳಗೆ ಅಜ್ಜಿಯ ಹೆಸರು, ಸಾಲ ಕೊಟ್ಟ ಬೇರೆ ಯಾವುದೇ ಸಾಹುಕಾರರ ಹೆಸರು ಬರೆದ ಹಾಗೆಯೇ. ಜಮಾ ಕಡೆ ರೂಪಾಯಿ ಬರೆಯಲಿಲ್ಲ, ‘ಚಿನ್ನ, ತೊಲ 14’ ಅಂತ ಬರೆದರು. ಇದು ಎಂಥ ಬರಹ ಅಂತ ನನಗೆ ಅರ್ಥವಾಗಿದ್ದು ಬಹಳ ತಡವಾಗಿ. 1973ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ 300 ರೂಪಾಯಿಯೂ ಇರಲಿಲ್ಲ. 1980ಕ್ಕೆ ಅದು 1,300 ದಾಟಿತು, 1988ಕ್ಕೆ 3,000 ದಾಟಿತು. ರೂಪಾಯಿಯಲ್ಲಿ ಬರೆದಿದ್ದರೆ ಮೂರೇ ವರ್ಷದಲ್ಲಿ ಬಡ್ಡಿ ಸಮೇತ ತೀರಿಸಿ ಕೈ ತೊಳೆದುಕೊಳ್ಳಬಹುದಿತ್ತು. ತೂಕದಲ್ಲಿ ಬರೆದದ್ದಕ್ಕೆ ಹದಿನೈದು ವರ್ಷ ಹಿಡಿಯಿತು. ಪ್ರತಿ ಬಲಿಪಾಡ್ಯಮಿಗೆ ಅಂಗಡಿ ಪೂಜೆ ಮುಗಿಸಿ, ಒಂದು ಉಂಗುರವೋ ಒಂದೆಳೆ ಸರವೋ ತಂದು ಅಜ್ಜಿಯ ಕೈಲಿಟ್ಟು, ಒಳಗೆ ಹೋಗಿ ಖರ್ಚು ಬರೆಯುತ್ತಿದ್ದರು. ಮಾಲು ಕೈಕೊಟ್ಟ ಎರಡು ವರ್ಷ ಏನೂ ತರಲಿಲ್ಲ. ಆ ವರ್ಷಗಳ ಎದುರಿಗೆ ‘ಈ ಸಾಲು ಇಲ್ಲ’, ಅಂದರೆ ಈ ವರ್ಷ ಇಲ್ಲ, ಅಂತ ಬರೆದದ್ದಿದೆ.

ತಾತ ದೇವರಂಥ ಮನುಷ್ಯ ಅಂತ ಬರೆದು ಮುಗಿಸಿದರೆ ನಮ್ಮ ದೊಡ್ಡತ್ತೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. 1974ರಲ್ಲಿ ಅವರಿಗೆ ತುಮಕೂರಿಗೆ ಹೋಗಿ ಕಾಲೇಜು ಓದುವ ಆಸೆಯಿತ್ತು. ದುಡ್ಡಿಲ್ಲ ಅಂತ ತಾತ ಬಿಡಿಸಿದರು, ಮುಂದಿನ ವರ್ಷವೇ ಮದುವೆ ಮಾಡಿದರು. ಎರಡು ವರ್ಷ ಕಳೆದು ಚಿಕ್ಕಪ್ಪನನ್ನು ಬೆಂಗಳೂರಿಗೆ ಓದಲು ಕಳಿಸಿದಾಗ ದುಡ್ಡು ಹೇಗೋ ಹೊಂದಿತು. "ಅಮ್ಮನ ಸಾಲಕ್ಕೆ ಪುಟ ಇತ್ತು, ನಂದಕ್ಕೆ ಪುಟಾನೇ ಇಲ್ಲ" ಅಂತ ದೊಡ್ಡತ್ತೆ ಒಮ್ಮೆ ತಾತನ ಎದುರಿಗೇ ಹೇಳಿದರು. ತಾತ ಆಗ ಎಂಬತ್ತು ದಾಟಿದ್ದರು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಲೆಕ್ಕದಲ್ಲಿ ಅವರು ಉತ್ತರವಿಲ್ಲದೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೊನೆಯ ವರ್ಷಗಳಲ್ಲಿ ಮಂಡಿ ಅಪ್ಪನ ಕೈಯಲ್ಲಿತ್ತು, ಅದೂ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಯಾರ್ಡಿನಲ್ಲಿ. ತಾತ ಆ ದಿನದ ದರ ಕೂಗುವ ಟೆಂಡರ್ ಮುಗಿಯುವ ಹೊತ್ತಿಗೆ ಸರಿಯಾಗಿ ಫೋನು ಮಾಡಿ "ಎಷ್ಟಾಯ್ತು?" ಅಂತ ಮಾತ್ರ ಕೇಳುತ್ತಿದ್ದರು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಅಜ್ಜಿಯ ರಾಗಿ ಡಬ್ಬದಿಂದ ಐನೂರರ ಹದಿನೇಳು ನೋಟು ಹೊರಬಂದವು. "ಅರವತ್ತು ವರ್ಷದಿಂದ ನನ್ ಮನೇಲೇ ಬ್ಲ್ಯಾಕ್ ಮನಿ" ಅಂತ ತಾತ ನಕ್ಕಿದ್ದೇ ನಕ್ಕಿದ್ದು.

ತಾತನನ್ನು ತೋಟದಲ್ಲೇ ಮಣ್ಣು ಮಾಡಿದೆವು. ಶಿವಗಣಾರಾಧನೆ ಮುಗಿದ ಮೇಲೆ ಅಪ್ಪ ಹಳೇ ಪುಸ್ತಕಗಳನ್ನು ಇಳಿಸಿ, ಬಾಕಿ ಇದ್ದದ್ದೆಲ್ಲ ಚುಕ್ತಾ ಮಾಡುತ್ತ ಕೂತರು. ಅಜ್ಜಿಯ ಪುಟ ಬಂತು. ಕೊನೆಯ ಜಮಾಖರ್ಚು 1988ರದ್ದು. ಹದಿನಾಲ್ಕು ತೊಲ ಅಂದರೆ 163 ಗ್ರಾಂ ಚಿಲ್ಲರೆ, ಕೊಟ್ಟದ್ದು 160. ಮೂರು ಗ್ರಾಂ ಬಾಕಿ. ತೊಲದ ಲೆಕ್ಕ ನಿದ್ದೆಯಲ್ಲೂ ತಪ್ಪದ ಮನುಷ್ಯ ಇಲ್ಲಿ ಯಾಕೆ ಬಿಟ್ಟರು ಅಂತ ಅಪ್ಪನಿಗೆ ಗೊಂದಲ. ಹಳೇ ವ್ಯಾಪಾರಿಗಳಲ್ಲಿ ಒಂದು ರೂಢಿಯಿದೆ, ಬೇಕಾದ ಗಿರಾಕಿಯ ಖಾತೆಯನ್ನು ಪೂರ್ತಿ ಸೊನ್ನೆ ಮಾಡುವುದಿಲ್ಲ. ನಾಲ್ಕಾಣೆಯಾದರೂ ಉಳಿಸುತ್ತಾರೆ, ಅವನು ಮತ್ತೆ ಬರಲಿ ಅಂತ.

ಅಪ್ಪ, "ಅಮ್ಮಾ, ಮೂರು ಗ್ರಾಂ ನಾನು ತಂದ್ಕೊಡ್ತೀನಿ, ಇದನ್ನ ಮುಗಿಸ್ಬಿಡಾಣ" ಅಂದರು. ಅಜ್ಜಿ ಪುಸ್ತಕ ಕಿತ್ತುಕೊಂಡು ತಮ್ಮ ಟ್ರಂಕಿಗೆ ಹಾಕಿದರು.

"ನೀನ್ಯಾಕೋ ಕೊಡ್ತೀಯ? ಕೊಡ್ಬೇಕಾಗಿರೋರು ಅವ್ರು."