ಬಳಿದ ಸುಣ್ಣದ ಕಥೆಯನ್ನೂ ಬರೆಯಿರಿ

ಮಾನ್ಯರೇ,

ಸಾಮಾಜಿಕ ಕ್ಷೋಭೆಯ ಕಾಲದ ಬೀದಿಚಿತ್ರಗಳನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ತಿದ್ದಿ ಮತ್ತೆ ಕಳುಹಿಸಬೇಕೆಂಬುದು ನನ್ನ ಮನಃಪೂರ್ವಕ ಕೋರಿಕೆ.

ಮೊದಲು ಒಂದು ತಪ್ಪು. ಬರ್ಲಿನ್ ಗೋಡೆಯ ಪೂರ್ವಬದಿಯ ಚಿತ್ರಗಳು ಗೋಡೆ ಕೆಡವಲು ಜನರನ್ನು ಹುರಿದುಂಬಿಸಿದವು ಎಂದಿದ್ದೀರಿ. ಗಡಿ ಕಾವಲಿದ್ದ ಆ ಬದಿಗೆ ಜನ ಸುಳಿಯುವಂತೆಯೇ ಇರಲಿಲ್ಲ. ಆಗ ಬಣ್ಣ ಕಂಡದ್ದು ಪಶ್ಚಿಮದ ಮೈ. ಪೂರ್ವದ ಮೈಮೇಲೆ ಸುಮಾರು 1.3 ಕಿಲೋಮೀಟರ್ ಉದ್ದಕ್ಕೆ ಹರಡಿದ ಚಿತ್ರಸಾಲು ‘ಈಸ್ಟ್ ಸೈಡ್ ಗ್ಯಾಲರಿ’ ಮೂಡಿದ್ದು 1989ರ ನವೆಂಬರ್‌ನಲ್ಲಿ ಗಡಿ ತೆರೆದ ಮೇಲೆ, 1990ರಲ್ಲಿ. ಭಯ ಕಳೆದ ಮೇಲೆ ಬರೆದ ಚಿತ್ರಕ್ಕೂ ಭಯದ ನಡುವೆಯೇ ಬರೆದ ಚಿತ್ರಕ್ಕೂ ಇರುವ ಅಂತರವನ್ನು ನೀವು ಅಳಿಸಿಬಿಟ್ಟಿದ್ದೀರಿ.

ಈಜಿಪ್ಟಿನ ಕೈರೋದಲ್ಲಿ, 2011ರ ಕ್ರಾಂತಿಯ ಕೇಂದ್ರವಾಗಿದ್ದ ತಹ್ರೀರ್ ಚೌಕಕ್ಕೆ ಸೇರುವ ಮೊಹಮ್ಮದ್ ಮಹಮೂದ್ ಬೀದಿಗೆ ಎರಡೇ ವಾಕ್ಯ ಕೊಟ್ಟಿದ್ದೀರಿ. ಲೇಖನದ ಜೀವವಿರುವುದು ಅಲ್ಲಿಯೇ. 2012ರ ಫೆಬ್ರವರಿಯಲ್ಲಿ ಅದೇ ದೇಶದ ಪೋರ್ಟ್ ಸಯೀದ್ ನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ಗಲಭೆಯಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತಾಗ, ಕಲಾವಿದರು ಆ ಬೀದಿಯ ಗೋಡೆಯ ಮೇಲೆ ಸತ್ತವರ ಮುಖಗಳನ್ನು ಬರೆದರು. ಕೆಲವರಿಗೆ ರೆಕ್ಕೆ ಮೂಡಿಸಿದರು. ಪ್ರಾಚೀನ ಈಜಿಪ್ಟಿನ ಗೋರಿಚಿತ್ರಗಳ ಶೈಲಿಯಲ್ಲಿ ಗೋಳಿಡುವ ಹೆಂಗಸರನ್ನು ನಿಲ್ಲಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೋಡೆಗೆ ಬಣ್ಣ ಬಳಿದು ಚಿತ್ರಗಳನ್ನು ಮುಚ್ಚಲಾಯಿತು. ಬಳಿದ ಗೋಡೆಯ ಮೇಲೆ ಮತ್ತೆ ಚಿತ್ರಗಳೆದ್ದವು. ಸೈನ್ಯವು ಸುತ್ತಲ ಬೀದಿಗಳಿಗೆ ಅಡ್ಡಲಾಗಿ ಕಾಂಕ್ರೀಟ್ ದಿಮ್ಮಿಗಳನ್ನು ಪೇರಿಸಿದಾಗ, ಆ ದಿಮ್ಮಿಗಳ ಹಿಂದೆ ಮರೆಯಾದ ಬೀದಿಯನ್ನೇ ಅವುಗಳ ಮೇಲೆ ಬರೆದವರಿದ್ದರು. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ‘ಕಲೆ ಸಮಾಜದ ಕನ್ನಡಿ’ ಎಂದು ಮೂರು ಕಡೆ ಬರೆಯುವ ಅಗತ್ಯವೇನಿತ್ತು? ಆ ಮೂರನ್ನೂ ತೆಗೆದುಹಾಕಿ. ಬರೆದವರು ಯಾರು, ಅಳಿಸಿದವರು ಯಾರು, ನಡುವೆ ಎಷ್ಟು ದಿನ ಕಳೆಯಿತು ಎಂಬುದನ್ನು ಹೇಳಿ.

ಚಿಲಿಯ ಕಮ್ಯುನಿಸ್ಟ್ ಯುವಕರ ಗೋಡೆಚಿತ್ರ ತಂಡವಾದ ರಾಮೋನಾ ಪಾರ್ರಾ ದಳದ ದಪ್ಪ ಕಪ್ಪು ಗೆರೆಗಳನ್ನು ‘ಜಾನಪದ ಸರಳತೆ’ ಎಂದು ಮೆಚ್ಚಿದ್ದೀರಿ. 1968ರಲ್ಲಿ ಹುಟ್ಟಿದ ಆ ದಳದಲ್ಲಿ ಕೆಲವರು ಗೆರೆ ಎಳೆದರೆ ಕೆಲವರು ಹಿನ್ನೆಲೆ ಬಳಿಯುತ್ತಿದ್ದರು, ಉಳಿದವರು ಒಳಗೆ ಬಣ್ಣ ತುಂಬುತ್ತಿದ್ದರು. ಪೊಲೀಸರು ಬರುವ ಮುನ್ನ ಮುಗಿಸುವ ಅವಸರವೂ ಆ ಶೈಲಿಯನ್ನು ರೂಪಿಸಿತು. ಇದೇ ದಳದೊಂದಿಗೆ ಚಿಲಿಯ ವರ್ಣಚಿತ್ರಕಾರ ರೊಬೆರ್ತೊ ಮಟ್ಟಾ 1971ರಲ್ಲಿ ರಾಜಧಾನಿ ಸಾಂಟಿಯಾಗೊದ ಲಾ ಗ್ರಾಂಹಾ ಬಡಾವಣೆಯಲ್ಲಿ ಬರೆದ ಭಿತ್ತಿಚಿತ್ರವನ್ನು 1973ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಬಣ್ಣದ ಪದರಗಳಡಿ ಹೂಳಲಾಯಿತು. ದಶಕಗಳ ಮೇಲೆ ಆ ಪದರಗಳನ್ನು ಹೆರೆದು ಚಿತ್ರವನ್ನು ಹೊರತೆಗೆದರು. ನಿಮ್ಮ ಲೇಖನದಲ್ಲಿ ಈ ಗೋಡೆಯ ಮಾತೇ ಇಲ್ಲ. ಮುಂದಿನ ಕರಡಿನಲ್ಲಿ ಇದಕ್ಕೆ ಒಂದು ಪುಟವನ್ನಾದರೂ ಮೀಸಲಿಡಿ.

ಇತಿ,
ಸಂಪಾದಕ