ಐದು ದಿನದ ರಜೆಯಲ್ಲಿ ಅಪ್ಪ-ಅಮ್ಮನನ್ನು ನೇಪಾಳದ ಮುಕ್ತಿನಾಥಕ್ಕೆ ಕರೆದುಕೊಂಡು ಹೋಗೋಕೆ ಪ್ಯಾಕೇಜ್ ಒಳ್ಳೇದಾ, ನಾವೇ ಹೋಗೋದು ಒಳ್ಳೇದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬುಧವಾರ ಹೊರಟು ಭಾನುವಾರ ರಾತ್ರಿ ಬೆಂಗಳೂರು, ಸೋಮವಾರ ಆಫೀಸು. 2023ರ ಏಪ್ರಿಲ್‌ನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಅಪ್ಪನಿಗೆ ಆಗ 68, ಅಮ್ಮನಿಗೆ 61.

ನನ್ನ ಪ್ಲಾನ್ ಎಕ್ಸೆಲ್ ಶೀಟಿನಲ್ಲಿ ಎಷ್ಟು ಚೆನ್ನಾಗಿ ಕಂಡಿತ್ತು ಅಂದರೆ ಫ್ಯಾಮಿಲಿ ಗ್ರೂಪಿಗೆ ಹಾಕಿ ಭೇಷ್ ಅನ್ನಿಸಿಕೊಂಡಿದ್ದೆ. ಬುಧವಾರ ದೆಹಲಿ ಮೇಲೆ ಕಠ್ಮಂಡು. ಗುರುವಾರ ಬೆಳಿಗ್ಗೆ ಪಶುಪತಿನಾಥ, ಮಧ್ಯಾಹ್ನ ಪೋಖರಾಕ್ಕೆ ವಿಮಾನ. ಶುಕ್ರವಾರ ಬೆಳಿಗ್ಗೆ ಪೋಖರಾದಿಂದ ಜೋಮ್ಸೋಮ್, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥ, ರಾತ್ರಿ ಮತ್ತೆ ಜೋಮ್ಸೋಮ್. ಶನಿವಾರ ಬೆಳಿಗ್ಗೆ ಪೋಖರಾ, ಮಧ್ಯಾಹ್ನ ಕಠ್ಮಂಡು. ಭಾನುವಾರ ಮನೆ.

ಮೊದಲ ಮೂರು ದಿನ ಶೀಟಿನಲ್ಲಿದ್ದ ಹಾಗೇ ನಡೀತು, ಕೆಟ್ಟಿದ್ದು ಅದರಿಂದಲೇ. ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ತಲೆತಲಾಂತರದಿಂದ ದಕ್ಷಿಣದವರು, ಹೆಚ್ಚಾಗಿ ನಮ್ಮ ಕರ್ನಾಟಕದ ಕಡೆಯವರು. ಅಮ್ಮನಿಗೆ ಇದು ಗೊತ್ತಿತ್ತು. ಸಾಲಿನಲ್ಲಿ ನಿಂತು "ಸ್ವಾಮಿ, ನಾವು ಶಿವಮೊಗ್ಗದವರು" ಅಂತ ಕನ್ನಡದಲ್ಲೇ ಕೂಗಿದರು. ಅಷ್ಟರಲ್ಲಿ ಹಿಂದಿನವರು ತಳ್ಳಿ, ನಾವು ಪಕ್ಕದ ಬಾಗಿಲಿಗೆ ಬಂದಾಗಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮುಕ್ತಿನಾಥದಲ್ಲಿ ಗುಡಿಯ ಹಿಂದೆ ಅರ್ಧಚಂದ್ರದ ಹಾಗೆ 108 ಧಾರೆಗಳು. ಹಿತ್ತಾಳೆಯ ಪಶುಮುಖಗಳಿಂದ ಬೀಳುವ ನೀರು, ಐಸ್ ಅಂದರೆ ಐಸ್. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೆ ಸಾಕಮ್ಮ ಅಂದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಂದೂ ಬಿಡದೆ ಓಡಿದರು, ಮಂಡಿನೋವು ಎಲ್ಲಿ ಹೋಗಿತ್ತೋ. ಅಪ್ಪ ಮಾತ್ರ ತಲೆ ಸಿಡೀತಿದೆ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪೋಖರಾ ಇರೋದು ಸುಮಾರು 800 ಮೀಟರ್ ಎತ್ತರದಲ್ಲಿ, ಮುಕ್ತಿನಾಥ 3,700ಕ್ಕೂ ಮೇಲೆ. ಒಂದೇ ಬೆಳಿಗ್ಗೆ ಅಷ್ಟು ಎತ್ತರಕ್ಕೆ ವಯಸ್ಸಾದವರನ್ನು ಹತ್ತಿಸಬಾರದು. ಕೆಳಗಿಳಿದ ಮೇಲೆ ತಲೆನೋವು ಬಿಟ್ಟಿದ್ದು ನಮ್ಮ ಅದೃಷ್ಟ.

ಈಗ ಶನಿವಾರ. ನನ್ನ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದರೆ ಅದು ಮೇಲ್ನೋಟಕ್ಕೆ ತಪ್ಪು ಅಂತ ಕಾಣೋದೇ ಇಲ್ಲ.

ಪೋಖರಾ-ಜೋಮ್ಸೋಮ್ ವಿಮಾನ ಇಪ್ಪತ್ತು ಇಪ್ಪತ್ತೈದು ನಿಮಿಷದ್ದು. ಇಪ್ಪತ್ತು ನಿಮಿಷದ ವಿಮಾನ ಎಷ್ಟು ತಡವಾದೀತು, ಒಂದು ಗಂಟೆ, ಎರಡು ಗಂಟೆ ಅಂದುಕೊಂಡಿದ್ದೆ. ಆದರೆ ಅಲ್ಲಿ ವಿಮಾನ ತಡವಾಗೋದಿಲ್ಲ. ಬರುತ್ತೆ, ಇಲ್ಲಾ ಅವತ್ತಿಗೆ ಇಲ್ಲ. ಜೋಮ್ಸೋಮ್ ಇರೋದು ಕಾಳಿ ಗಂಡಕಿ ಕಣಿವೆಯಲ್ಲಿ, ಒಂದು ಕಡೆ 8,167 ಮೀಟರಿನ ಧವಳಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ. ಬಿಸಿಲೇರಿದಂತೆ ಮೇಲಿನ ಟಿಬೆಟ್ ಕಡೆಯ ನೆಲ ಕಾದು, ಕೆಳಗಿನ ಗಾಳಿಯನ್ನೆಲ್ಲ ಈ ಕಣಿವೆ ಕೊಳವೆಯ ಹಾಗೆ ಎಳೆದುಕೊಳ್ಳುತ್ತೆ. ಹತ್ತು, ಹನ್ನೊಂದರ ಮೇಲೆ ಆ ಗಾಳಿಯಲ್ಲಿ ಪುಟ್ಟ ವಿಮಾನ ಇಳಿಸೋ ಹಾಗಿಲ್ಲ. ಅಂದರೆ ದಿನಕ್ಕೆ ಸಿಗೋದು ಬೆಳಗಿನ ಹೊತ್ತಿನ ನಾಲ್ಕೈದು ಗಂಟೆಗಳ ಅವಧಿ ಮಾತ್ರ. ಆ ಹೊತ್ತಿನಲ್ಲಿ ಪೋಖರಾದಲ್ಲಿ ಮಂಜೋ ಮಬ್ಬೋ ಇದ್ದರೆ ವಿಮಾನ ಏಳೋದಿಲ್ಲ. ಅಲ್ಲಿ ಮಬ್ಬು ಕರಗುವಷ್ಟರಲ್ಲಿ ಇಲ್ಲಿ ಗಾಳಿ ಎದ್ದಿರುತ್ತೆ. ಮಾರನೇ ದಿನದ ವಿಮಾನದಲ್ಲಿ ಆ ದಿನದವರೇ ತುಂಬಿರುತ್ತಾರೆ, ನಿಮ್ಮದು ಬಾಲದಲ್ಲಿ ನಿಲ್ಲುವ ಹೆಸರು.

ಅವತ್ತು ಜೋಮ್ಸೋಮಿನ ಆಕಾಶ ತೊಳೆದಿಟ್ಟ ಹಾಗಿತ್ತು, ನೀಲಗಿರಿ ಶಿಖರ ತಲೆಯ ಮೇಲೇ ಇದೆಯೇನೋ ಅನ್ನುವಷ್ಟು ಹತ್ತಿರ. "ಇಷ್ಟು ಶುಭ್ರವಾಗಿದೆ, ಇವರಿಗೇನು ಧಾಡಿ?" ಅಂತ ಅಪ್ಪ. ಧಾಡಿ ಪೋಖರಾದಲ್ಲಿತ್ತು. ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಸೇರಿ ಅಲ್ಲಿ ಮಬ್ಬು ಕವಿಯುತ್ತೆ. ಎಂಟು ಗಂಟೆಗೇ ನಮ್ಮ ಲಾಡ್ಜಿನ ದೀದಿ ಬಂದು, ಇವತ್ತು ಬರಲ್ಲ, ಜೀಪು ಹೇಳ್ಲಾ ಅಂತ ಕೇಳಿದರು. ಬೇಡ, ಇನ್ನೊಂದರ್ಧ ಗಂಟೆ ನೋಡ್ತೀವಿ ಅಂದೆ. ಆ ಅರ್ಧ ಗಂಟೆಯನ್ನು ಆರು ಸಲ ಹೇಳಿದೆ. ಅಮ್ಮ ಅವಲಕ್ಕಿ ಡಬ್ಬಿ ತೆಗೆದರು. ರನ್‌ವೇ ಪಕ್ಕದ ಗಾಳಿಚೀಲ ಒಂಬತ್ತಕ್ಕೆ ಜೋತುಬಿದ್ದಿತ್ತು, ಹತ್ತಕ್ಕೆ ಅಲುಗಾಡಿತು, ಹನ್ನೊಂದಕ್ಕೆ ಕಬ್ಬಿಣದ ಕೊಳವೆಯ ಹಾಗೆ ಸೆಟೆದು ನಿಂತಿತು. ಕೌಂಟರಿನವನು ಕಿಟಕಿ ಎಳೆದುಕೊಂಡ.

ಜೀಪು ಸಿಕ್ಕಿದ್ದು ಹನ್ನೆರಡಕ್ಕೆ. ಮಾರ್ಫಾ, ತಾತೋಪಾನಿ, ಬೇನಿ ಮೇಲೆ ಇಳಿದು ಪೋಖರಾ ಮುಟ್ಟಿದಾಗ ರಾತ್ರಿ ಹತ್ತು. ಎಂಟಕ್ಕೇ ಹೊರಟಿದ್ದರೆ ಸಂಜೆ ಆರಕ್ಕೆ ಪೋಖರಾದಲ್ಲಿರುತ್ತಿದ್ದೆವು, ಕಠ್ಮಂಡುವಿಗೆ ರಾತ್ರಿ ಬಸ್ಸಾದರೂ ಸಿಗುತ್ತಿತ್ತು. ಭಾನುವಾರ ಬೆಳಗಿನ ಮೊದಲ ವಿಮಾನದಲ್ಲಿ ಮೂರು ಸೀಟು ಇರಲಿಲ್ಲ. ಎರಡನೆಯದರಲ್ಲಿ ಹೋಗಿ ಇಳಿದು ಓಡುವಷ್ಟರಲ್ಲಿ ದೆಹಲಿ ವಿಮಾನದ ಕೌಂಟರ್ ಮುಚ್ಚಿತ್ತು. ಅಗ್ಗ ಅಂತ ದೆಹಲಿ-ಬೆಂಗಳೂರು ಟಿಕೆಟ್ಟನ್ನು ಬೇರೆ ಕಂಪನಿಯಲ್ಲಿ ಮಾಡಿಸಿದ್ದೆ, ಅದೂ ಹೋಯಿತು. ಮೂರು ಜನಕ್ಕೆ ಹೊಸ ಟಿಕೆಟ್ಟು, ಒಂದು ರಾತ್ರಿ ಹೋಟೆಲು ಸೇರಿ 57,000 ಬಿಟ್ಟಿತು. ಅಪ್ಪನಿಗೆ ನಾನು ಇವತ್ತಿಗೂ ಹೇಳಿರೋದು ಹದಿನೈದು ಸಾವಿರ.

ವಿಮಾನ ಹಾರಲಿಲ್ಲ ಅಂತ ನನಗೆ ಸಿಟ್ಟಿಲ್ಲ. 2022ರ ಮೇನಲ್ಲಿ ಪೋಖರಾದಿಂದ ಜೋಮ್ಸೋಮಿಗೆ ಹೊರಟ ವಿಮಾನ ಬೆಟ್ಟಕ್ಕೆ ಬಡಿದು 22 ಜನ ಸತ್ತರು. ಇವತ್ತು ಬೇಡ ಅಂತ ಪೈಲಟ್ ಹೇಳಿದರೆ ಕೈಮುಗಿದು ಹೊರಗೆ ಬನ್ನಿ.

ಹಾಗಾಗಿ ಪ್ಯಾಕೇಜಾ, ನಾವೇನಾ ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ಸರಿಯಿಲ್ಲ. ಪ್ಯಾಕೇಜಿನವರಿಗೂ ಗಾಳಿ ಇದೇ. ವ್ಯತ್ಯಾಸ ಅಂದರೆ ಬೈಯೋಕೆ ಒಬ್ಬ ಮನುಷ್ಯ ಇರ್ತಾನೆ. ನೀವು ನೋಡಬೇಕಾದ್ದು ಐದು ಅನ್ನೋ ಅಂಕಿಯನ್ನು. ಅದನ್ನು ಎಂಟು ಮಾಡಿ. ಹೆಚ್ಚಿನ ದಿನಗಳಲ್ಲಿ ಎರಡನ್ನು ಮುಕ್ತಿನಾಥ ಆದ ಮೇಲೆ ಖಾಲಿ ಇಡಿ, ಮುಂಚೆ ಅಲ್ಲ. ವಿಮಾನ ಸರಿಯಾಗಿ ಬಂದರೆ ಆ ಎರಡು ದಿನ ಪೋಖರಾದ ಫೇವಾ ಕೆರೆ ದಂಡೆಯಲ್ಲಿ ಕೂತಿರಿ, ಅಪ್ಪ-ಅಮ್ಮನಿಗೆ ನಿಜಕ್ಕೂ ರಜೆ ಅನ್ನಿಸೋದು ಅಲ್ಲೇ. ಮೂರನೆಯದನ್ನು ಹೋಗುವಾಗ ಜೋಮ್ಸೋಮಿನಲ್ಲಿ ತಂಗೋಕೆ ಇಟ್ಟುಕೊಳ್ಳಿ, ಸುಮಾರು 2,700 ಮೀಟರಿನಲ್ಲಿ ಒಂದು ರಾತ್ರಿ ಮಲಗಿ ಮೇಲೆ ಹೋದರೆ ಮೈ ಒಗ್ಗುತ್ತೆ. ಬಿಪಿ ಮಾತ್ರೆ ತಗೊಳ್ಳೋರಾದರೆ ಹೊರಡೋ ಮುಂಚೆ ಡಾಕ್ಟರನ್ನು ಕೇಳಿ.

ಇನ್ನು ಚಿಲ್ಲರೆ ವಿಷಯ. ಎಲ್ಲರೂ ಎಡವೋದು ಆಧಾರ್‌ನಲ್ಲಿ. ವಿಮಾನದಲ್ಲಿ ನೇಪಾಳಕ್ಕೆ ಹೋಗೋಕೆ ಪಾಸ್‌ಪೋರ್ಟ್ ಇಲ್ಲಾ ಚುನಾವಣಾ ಆಯೋಗದ ವೋಟರ್ ಐಡಿ ಬೇಕು. 65 ದಾಟಿದವರಿಗೆ, 15ರ ಒಳಗಿನವರಿಗೆ ಮಾತ್ರ ಆಧಾರ್ ನಡೆಯುತ್ತೆ. ಅಪ್ಪ ಆಧಾರ್‌ನಲ್ಲಿ ಹೋದರು, ಅಮ್ಮನ ವೋಟರ್ ಕಾರ್ಡಿಗೆ ಇಡೀ ಬೀರು ಕೆಳಗಿಳಿಸಬೇಕಾಯಿತು. ದುಡ್ಡು ನೂರರ ನೋಟಿನಲ್ಲೇ ಒಯ್ಯಿರಿ. ನಾವು ಹೋದಾಗ ಅದಕ್ಕಿಂತ ದೊಡ್ಡ ನೋಟು ಅಲ್ಲಿ ನಿಷಿದ್ಧವಾಗಿತ್ತು. ನಮ್ಮ ನೂರಕ್ಕೆ ಅವರ 160, ಲೆಕ್ಕ ಸುಲಭ. ಅಂಗಡಿಯವರು ಬೆಲೆ ಹೇಳಿದ ಕೂಡಲೇ "ಐಸಿನಾ, ಎನ್‌ಸಿನಾ" ಅಂತ ಕೇಳಿ, ಅಂದರೆ ಇಂಡಿಯನ್ ಕರೆನ್ಸಿಯಾ, ನೇಪಾಳಿಯಾ ಅಂತ. ನಾನು ಒಂದು ಜಪಮಾಲೆಗೆ ಕೇಳದೆ ಐಸಿ ಕೊಟ್ಟುಬಿಟ್ಟೆ. ಅಲ್ಲಿನ ಒಳನಾಡು ವಿಮಾನಗಳಲ್ಲಿ ನಮಗೆ ಬೇರೆ ವಿದೇಶಿಯರಿಗಿಂತ ಕಮ್ಮಿ ದರ ಇರುತ್ತೆ, ಬುಕ್ ಮಾಡುವಾಗ ಭಾರತೀಯ ಅಂತಲೇ ಒತ್ತಿ. ಮುಕ್ತಿನಾಥ ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಬರೋದರಿಂದ ಪರ್ಮಿಟ್ ಬೇಕು. ನಾವು ತಲೆಗೆ 1000 ನೇಪಾಳಿ ರೂಪಾಯಿ ಕೊಟ್ಟೆವು. ಫೋಟೋ ಎರಡೆರಡು ಇಟ್ಟುಕೊಳ್ಳಿ.

ಎಂಟು ದಿನ ರಜೆ ಸಿಗೋದೇ ಇಲ್ಲ ಅಂದರೆ ಈ ಸಲ ಮುಕ್ತಿನಾಥ ಬಿಡಿ. ಪಶುಪತಿನಾಥ, ಮನಕಾಮನಾ ದೇವಿ ಗುಡಿಯ ರೋಪ್‌ವೇ, ಪೋಖರಾ ಇಷ್ಟನ್ನು ಆರಾಮಾಗಿ ಮಾಡಿಸಿ. ಅಮ್ಮ ಬೇಜಾರು ಮಾಡ್ಕೋತಾರೆ, ನಿಜ. ಆದರೂ ಜೋಮ್ಸೋಮಿನ ಆ ಬೆಂಚಿನ ಮೇಲೆ ಕೂತು ಮಗ ಫೋನಿನಲ್ಲಿ ಟಿಕೆಟ್ ದರ ನೋಡೋದನ್ನು ನೋಡೋದಕ್ಕಿಂತ ವಾಸಿ.

ಟಿಕೆಟ್ ಆಗಲೇ ಮಾಡಿಸಿಬಿಟ್ಟಿದ್ದರೆ, ವಾಪಸ್ಸಿನ ದಿನಾಂಕ ಮುಂದೂಡೋಕೆ ಎಷ್ಟು ಹಿಡೀತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಹಾಗೇ ಅಮ್ಮನ ವೋಟರ್ ಕಾರ್ಡ್ ಎಲ್ಲಿದೆ ಅಂತಲೂ.